ಎಣ್ಣೆ ಹಾಕಿದರೆ ಗಾಡಿ ಓಡುತ್ತದೆ, ಆಮೇಲೆ?

(ಡೀಸೆಲ್ ಬದಲು ಸಸ್ಯ ಎಣ್ಣೆಯಲ್ಲಿ ಗಾಡಿ ಓಡಿಸುವುದರ ಬಗ್ಗೆ, ಹಳೆಯ ಡೀಸೆಲ್ ವಾಹನ ಇಟ್ಟುಕೊಂಡವರ ಮುಂದೆ ಆಡಿದ ಮಾತಿನ ಬರಹ ರೂಪ. ಪ್ರಶ್ನೋತ್ತರದಲ್ಲಿ ಮುಖ್ಯ ಅನ್ನಿಸಿದ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಈ ಎರಡು ಸಪೂರ ಗಾಜಿನ ಕೊಳವೆ ನೋಡಿ. ಒಂದರಲ್ಲಿ ಡೀಸೆಲ್ ಇದೆ, ಇನ್ನೊಂದರಲ್ಲಿ ಸೂರ್ಯಕಾಂತಿ ಎಣ್ಣೆ. ಎರಡರಲ್ಲೂ ಒಂದೊಂದು ಸಣ್ಣ ಗಾಳಿಗುಳ್ಳೆ ಬಿಟ್ಟು ಬಿರಡೆ ಹಾಕಿದ್ದೇನೆ. ಈಗ ಒಟ್ಟಿಗೆ ತಲೆಕೆಳಗು ಮಾಡುತ್ತೇನೆ. ಡೀಸೆಲ್‌ನಲ್ಲಿ ಗುಳ್ಳೆ ಪಟ್ಟನೆ ಮೇಲೆ ಹೋಯಿತು. ಎಣ್ಣೆಯಲ್ಲಿ? ಇನ್ನೂ ದಾರಿಯಲ್ಲೇ ಇದೆ. ಈಗ ಆ ಕೊಳವೆಯನ್ನು ಬಿಸಿನೀರಿನ ಲೋಟದಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೆ ತಿರುಗಿಸೋಣ. ನೋಡಿ, ಗುಳ್ಳೆ ಚುರುಕಾಯಿತು. ಎಣ್ಣೆ ಅದೇ, ಬದಲಾದದ್ದು ಬಿಸಿ ಮಾತ್ರ.

ಇದನ್ನು ಅಂಕಿಯಲ್ಲಿ ಹೇಳುವುದಾದರೆ ಹೀಗೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡೀಸೆಲ್‌ನ ಸ್ನಿಗ್ಧತೆ, ಅಂದರೆ ಮಂದತನ, ಸುಮಾರು 2ರಿಂದ 4.5 ಸೆಂಟಿಸ್ಟೋಕ್. ನಾವು ಬಳಸುವ ಹೆಚ್ಚಿನ ಸಸ್ಯ ಎಣ್ಣೆಗಳದ್ದು 30ರಿಂದ 40. ಹೆಚ್ಚುಕಡಿಮೆ ಹತ್ತು ಪಟ್ಟು. ಎಣ್ಣೆಯನ್ನು 100 ಡಿಗ್ರಿಗೆ ಏರಿಸಿದರೆ ಅದು 8ರ ಹತ್ತಿರ ಇಳಿಯುತ್ತದೆ. ಆಗಲೂ ಡೀಸೆಲ್‌ಗೆ ಸಮ ಆಗುವುದಿಲ್ಲ, ಆದರೆ ಹಳೇ ಇಂಜಿನ್ ಅದನ್ನು ಸಹಿಸಿಕೊಳ್ಳುತ್ತದೆ.

ಒಂದು ಪ್ರಚಾರದ ಮಾತು ನಿಮಗೆಲ್ಲ ಗೊತ್ತಿರಬೇಕು. ರುಡಾಲ್ಫ್ ಡೀಸೆಲ್ ತನ್ನ ಇಂಜಿನ್ ಮಾಡಿದ್ದೇ ಕಡಲೆಕಾಯಿ ಎಣ್ಣೆಗಾಗಿ, ಆಮೇಲೆ ಪೆಟ್ರೋಲಿಯಂ ಕಂಪನಿಗಳು ಅದನ್ನು ಮುಚ್ಚಿಹಾಕಿದವು ಅಂತ. ಕೇಳಲು ಚೆನ್ನಾಗಿದೆ, ಆದರೆ ಹಾಗೆ ನಡೆದಿಲ್ಲ. ಅವನ ಇಂಜಿನ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಸರಿಯಾಗಿ ಓಡಿದ್ದು 1897ರಲ್ಲಿ, ಅದೂ ಖನಿಜ ತೈಲದಲ್ಲಿ. ಶುರುವಿನಲ್ಲಿ ಅವನ ತಲೆಯಲ್ಲಿ ಕಲ್ಲಿದ್ದಲಿನ ಪುಡಿಯನ್ನು ಉರಿಸುವ ಯೋಚನೆಯೂ ಇತ್ತು. ಕಡಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ಪ್ರದರ್ಶನದಲ್ಲಿ. ಫ್ರೆಂಚ್ ಸರ್ಕಾರಕ್ಕೆ ಆಫ್ರಿಕಾದ ತನ್ನ ವಸಾಹತುಗಳಲ್ಲಿ ಬೆಳೆಯುವ ಕಡಲೆಕಾಯಿಯಿಂದಲೇ ಇಂಜಿನ್ ಓಡಿಸಬಹುದಾ ಅಂತ ನೋಡಬೇಕಿತ್ತು. ಅದರ ಕೋರಿಕೆಯ ಮೇಲೆ ಓಟೋ ಕಂಪನಿ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ಆ ಎಣ್ಣೆಯಲ್ಲಿ ಓಡಿಸಿ ತೋರಿಸಿತು. ಎಷ್ಟು ನಯವಾಗಿ ಓಡಿತೆಂದರೆ, ಅದು ಎಣ್ಣೆಯಲ್ಲಿ ಓಡುತ್ತಿದೆ ಅಂತ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ ಎಂದು ರುಡಾಲ್ಫ್ ಡೀಸೆಲ್ ಆಮೇಲೆ ಬರೆದ.

ಈ ಸಂಗತಿ ನನಗೆ ಇಷ್ಟ, ಆದರೆ ಎಲ್ಲರೂ ಇದನ್ನು ಬಳಸುವ ಕಾರಣಕ್ಕಲ್ಲ. ಪ್ರದರ್ಶನದ ಇಂಜಿನ್ ನಯವಾಗಿ ಓಡಿತು, ಸರಿ. ಅದನ್ನು ಬಿಚ್ಚಿ ನೋಡಿದ್ದರೆ ಒಳಗೆ ಏನಿರುತ್ತಿತ್ತು? ಸಸ್ಯ ಎಣ್ಣೆಯ ವಿಷಯದಲ್ಲಿ ಜನ ಮೋಸ ಹೋಗುವುದು ಇಲ್ಲೇ. ಎಣ್ಣೆ ಸುರಿದ ದಿನ ಗಾಡಿ ಓಡುತ್ತದೆ. ಮರುದಿನವೂ ಓಡುತ್ತದೆ. ಸದ್ದು ಸ್ವಲ್ಪ ಕಡಿಮೆಯೇ ಆಗಿರುತ್ತದೆ, ಹೊಗೆಯ ವಾಸನೆ ಕರಿಯುವ ಬಾಣಲೆಯದ್ದು. "ನೋಡಿ, ಏನೂ ಆಗಲಿಲ್ಲ" ಅಂತ ನಾಲ್ಕು ಜನಕ್ಕೆ ಹೇಳಿಯೂ ಆಗಿರುತ್ತದೆ. ತೊಂದರೆ ಬರುವುದು ತಿಂಗಳುಗಳ ನಂತರ, ಸದ್ದಿಲ್ಲದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಟ್ರ್ಯಾಕ್ಟರ್‌ಗಳ ಮೇಲೆ ಬೇಕಾದಷ್ಟು ಪರೀಕ್ಷೆ ನಡೆದವು. ಕೆಲವೇ ಗಂಟೆ ಓಡಿಸಿದವರು ಭೇಷ್ ಅಂದರು. ಬಹಳ ಹೊತ್ತು ಓಡಿಸಿದವರಿಗೆ ಕಟ್ಟಿಕೊಂಡ ನಾಜಲ್ (ಇಂಧನ ಸಿಂಪಡಿಸುವ ಮೂತಿ), ಅಂಟಿಕೊಂಡ ಪಿಸ್ಟನ್ ರಿಂಗು, ಗಟ್ಟಿಯಾದ ಇಂಜಿನ್ ಆಯಿಲ್ ಸಿಕ್ಕವು. ಅಮೆರಿಕದ ಇಂಜಿನ್ ತಯಾರಕರ ಸಂಘ ಪರ್ಯಾಯ ಇಂಧನಗಳಿಗೆ 200 ಗಂಟೆಯ ಪರೀಕ್ಷೆ ರೂಪಿಸಿದ್ದು ಈ ಕಾಲದಲ್ಲೇ.

ಒಳಗೆ ಆಗುವುದೇನು ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಇಂಜೆಕ್ಟರ್‌ನ ಕೆಲಸ ಇಂಧನವನ್ನು ಮಂಜಿನಂತೆ ಸಿಂಪಡಿಸುವುದು. ಮಂದವಾದ ಎಣ್ಣೆ ಮಂಜಾಗುವುದಿಲ್ಲ, ದಪ್ಪ ಹನಿಗಳಾಗುತ್ತದೆ. ದಪ್ಪ ಹನಿ ಸಮಯಕ್ಕೆ ಸರಿಯಾಗಿ ಉರಿದು ಮುಗಿಯುವುದಿಲ್ಲ. ಸ್ವಲ್ಪ ಹೋಗಿ ಸಿಲಿಂಡರ್ ಗೋಡೆಗೆ ಬಡಿಯುತ್ತದೆ, ಸ್ವಲ್ಪ ನಾಜಲ್ ತುದಿಯಲ್ಲೇ ಒಸರಿ ಸೀದು ಇದ್ದಿಲಾಗುತ್ತದೆ. ಇಂಥ ನಾಜಲ್ ಬಿಚ್ಚಿ ಬೆಳಕಿಗೆ ಹಿಡಿದರೆ ರಂಧ್ರದ ಸುತ್ತ ಕಪ್ಪು ಉಂಗುರ ಕಾಣುತ್ತದೆ. ಹಾಗೇ ಬಿಟ್ಟರೆ ಅದು ಹೊರಕ್ಕೆ ಅಗಲವಾಗುತ್ತಾ ತುತ್ತೂರಿಯ ಬಾಯಿಯಾಗಿ ಬೆಳೆಯುತ್ತದೆ. ಉಗುರಿನಲ್ಲಿ ಕೆರೆದರೆ ಬರುವುದಿಲ್ಲ, ಅಷ್ಟು ಗಟ್ಟಿ. ಅದು ಬೆಳೆದಷ್ಟೂ ಸಿಂಪಡಣೆ ಕೆಡುತ್ತದೆ, ಸಿಂಪಡಣೆ ಕೆಟ್ಟಷ್ಟೂ ಅದು ಬೆಳೆಯುತ್ತದೆ.

ಗೋಡೆಗೆ ಬಡಿದ ಎಣ್ಣೆ ಪಿಸ್ಟನ್ ರಿಂಗ್‌ಗಳ ಸಂದಿಗೆ ಇಳಿದು ಅಲ್ಲೂ ಅಂಟಾಗುತ್ತದೆ. ರಿಂಗು ಸಡಿಲವಾಗಿ ಆಡಬೇಕು. ಅಂಟಿಕೊಂಡರೆ ಕಂಪ್ರೆಷನ್, ಅಂದರೆ ಸಿಲಿಂಡರ್‌ನೊಳಗಿನ ಗಾಳಿಯ ಒತ್ತಡ, ಹೋಯಿತು. ಉಳಿದ ಎಣ್ಣೆ ಇನ್ನೂ ಕೆಳಗಿಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ನನ್ನ ಮಟ್ಟಿಗೆ ಅತಿ ಕೆಟ್ಟ ಭಾಗ ಇದು. ಆಯಿಲ್‌ಗೆ ಡೀಸೆಲ್ ಸೇರಿದರೆ ಇಂಜಿನ್ ಬಿಸಿಗೆ ಅದರಲ್ಲಿ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಸಸ್ಯ ಎಣ್ಣೆ ಆವಿಯಾಗುವುದಿಲ್ಲ. ಸೇರಿದ್ದೆಲ್ಲ ಅಲ್ಲೇ ಕೂರುತ್ತದೆ. ಬಿಸಿ, ಗಾಳಿ, ಲೋಹದ ಪುಡಿ ಎಲ್ಲ ಸೇರಿ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಬಹಳ ದಿನ ಏನೂ ಗೊತ್ತಾಗುವುದಿಲ್ಲ. ಆಯಿಲ್‌ನಲ್ಲಿ ಬೆರೆಸಿರುವ ರಕ್ಷಕ ರಾಸಾಯನಿಕ ಮುಗಿಯುವ ತನಕ ತಡೆದು, ಆಮೇಲೆ ಥಟ್ಟನೆ ಗಟ್ಟಿಯಾಗಿಬಿಡುತ್ತದೆ. ಪಂಪು ಎಳೆಯಲಾರದಷ್ಟು ಗಟ್ಟಿ. ಅದಕ್ಕೇ ಎಣ್ಣೆಯಲ್ಲಿ ಓಡಿಸುವವರು ಆಯಿಲ್ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸುತ್ತಾರೆ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿದ್ದರೆ ಖುಷಿ ಪಡಬೇಡಿ. ಅವತ್ತೇ ಬದಲಿಸಿ.

ಹಾಗಾದರೆ ಹಳೇ ಇಂಜಿನ್‌ಗೆ ಯಾಕೆ ಇದು ಒಗ್ಗುತ್ತದೆ? ಹಳೇ ಇಂಜಿನ್‌ಗಳಲ್ಲಿ ಬಹಳಷ್ಟು ಪರೋಕ್ಷ ಇಂಜೆಕ್ಷನ್‌ನವು. ಇಂಧನ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಮೊದಲು ಒಂದು ಸಣ್ಣ ಕೋಣೆಗೆ ಹೋಗುತ್ತದೆ. ಆ ಕೋಣೆ ಕೆಂಪಗೆ ಕಾದಿರುತ್ತದೆ, ಗಾಳಿ ಅದರಲ್ಲಿ ಸುಳಿಯಾಗಿ ಸುತ್ತುತ್ತಿರುತ್ತದೆ. ದಪ್ಪ ಹನಿಯನ್ನೂ ಉರಿಸುವ ತಾಕತ್ತು ಅದಕ್ಕಿದೆ. ನಾಜಲ್‌ಗೆ ಒಂದೇ ದೊಡ್ಡ ರಂಧ್ರ, ಅದರೊಳಗೆ ಹಿಂದೆ ಮುಂದೆ ಆಡುವ ಸೂಜಿ ಇದ್ದಿಲನ್ನು ಒಂದು ಮಟ್ಟಿಗೆ ತಾನೇ ಕೆರೆದುಕೊಳ್ಳುತ್ತದೆ. ನಾಜಲ್ ತೆರೆಯುವ ಒತ್ತಡ 100ರಿಂದ 150 ಬಾರ್ ಆಸುಪಾಸು. ಒಂದೇ ಪೈಪಿನಿಂದ ಎಲ್ಲ ನಾಜಲ್‌ಗೂ ಭಾರೀ ಒತ್ತಡದ ಇಂಧನ ಹಂಚುವ ಈಗಿನ ಕಾಮನ್ ರೇಲ್ ಇಂಜಿನ್‌ನಲ್ಲಿ 1,600 ಬಾರ್, ಅದಕ್ಕೂ ಮೇಲೆ. ರಂಧ್ರಗಳು ಕೂದಲಿನಷ್ಟು ಸಣ್ಣವು. ಅಂಥದ್ದಕ್ಕೆ ಎಣ್ಣೆ ಹಾಕುವ ಯೋಚನೆಯನ್ನೇ ಬಿಡಿ. ಅದರ ಜೊತೆಗೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದ್ದರಂತೂ ಮುಗಿಯಿತು. ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಸುಡಲು ಕೆಲವು ಗಾಡಿಗಳು ತಡವಾಗಿ ಸಿಲಿಂಡರ್‌ಗೆ ಹೆಚ್ಚುವರಿ ಇಂಧನ ಬಿಡುತ್ತವೆ. ಆ ಎಣ್ಣೆ ಆವಿಯಾಗದೆ ಸೀದಾ ಕೆಳಗಿಳಿದು ಆಯಿಲ್ ಸೇರುತ್ತದೆ.

ಮರ್ಸಿಡಿಸ್‌ನ ಡಬ್ಲ್ಯು 123 ಸರಣಿಯ 240 ಡಿ, 300 ಡಿ ಕಾರುಗಳ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ. ಅವುಗಳ ಇಂಜಿನ್ ಪರೋಕ್ಷ ಇಂಜೆಕ್ಷನ್‌ನದು, ಇಂಧನ ಪಂಪು ಇನ್‌ಲೈನ್, ಅಂದರೆ ಪ್ರತಿ ಸಿಲಿಂಡರ್‌ಗೂ ಒಂದೊಂದು ಭಾಗ ಸಾಲಾಗಿ ಇರುವಂಥದ್ದು. ಆ ಪಂಪಿಗೆ ಜಿಡ್ಡು ಒದಗಿಸುವುದು ಇಂಜಿನ್ ಆಯಿಲ್. ಒಂದೇ ತಿರುಗುವ ಭಾಗದಿಂದ ಎಲ್ಲ ಸಿಲಿಂಡರ್‌ಗೂ ಹಂಚುವ ರೋಟರಿ ಪಂಪು ಹಾಗಲ್ಲ. ಅದು ತನ್ನೊಳಗೆ ಹರಿಯುವ ಇಂಧನದಿಂದಲೇ ಜಿಡ್ಡು ಪಡೆಯುತ್ತದೆ. ತಣ್ಣಗಿನ, ಮಂದವಾದ ಎಣ್ಣೆಯನ್ನು ಅದಕ್ಕೆ ತುಂಬಿ ಸೆಲ್ಫ್ ಹೊಡೆದರೆ ಒಳಗಿನ ಶಾಫ್ಟ್ ತುಂಡಾದರೂ ಆಶ್ಚರ್ಯ ಇಲ್ಲ. ನಿಮ್ಮ ಗಾಡಿ ಹಳೇದು ಅನ್ನುವುದಷ್ಟೇ ಸಾಲದು, ಪಂಪು ಯಾವುದು ಅಂತ ಬಾನೆಟ್ ಎತ್ತಿ ನೋಡಬೇಕು.

ಇನ್ನು ಎರಡು ಟ್ಯಾಂಕಿನ ಏರ್ಪಾಡು. ಶುದ್ಧ ಎಣ್ಣೆಯಲ್ಲಿ ಓಡಿಸಬೇಕೆಂದರೆ ನಾನು ಒಪ್ಪುವುದು ಇದೊಂದನ್ನೇ. ಸಣ್ಣ ಟ್ಯಾಂಕಿನಲ್ಲಿ ಡೀಸೆಲ್, ದೊಡ್ಡದರಲ್ಲಿ ಎಣ್ಣೆ. ಸ್ಟಾರ್ಟ್ ಮಾಡುವುದು ಡೀಸೆಲ್‌ನಲ್ಲಿ. ಇಂಜಿನ್ ಕಾಯುತ್ತಿದ್ದಂತೆ ರೇಡಿಯೇಟರ್‌ನ ಬಿಸಿ ಕೂಲೆಂಟ್ ಎಣ್ಣೆ ಟ್ಯಾಂಕು, ಎಣ್ಣೆ ಪೈಪು, ಫಿಲ್ಟರ್ ಸುತ್ತ ಹರಿದು ಎಣ್ಣೆಯನ್ನು ಬಿಸಿ ಮಾಡುತ್ತದೆ. ಪಂಪಿಗೆ ಹೋಗುವ ಎಣ್ಣೆ 70 ಡಿಗ್ರಿ ದಾಟಿದ ಮೇಲೆ ವಾಲ್ವ್ ತಿರುಗಿಸಿ ಎಣ್ಣೆಗೆ ಬದಲಾಗುವುದು. ಕೂಲೆಂಟ್ ಬಿಸಿಯಾದ ತಕ್ಷಣ ಎಣ್ಣೆಯೂ ಬಿಸಿಯಾಯಿತು ಅಂದುಕೊಳ್ಳಬೇಡಿ. ಎರಡಕ್ಕೂ ನಡುವೆ ಹೊತ್ತು ಹಿಡಿಯುತ್ತದೆ. ಪಂಪಿನ ಬಾಯಲ್ಲೇ ಒಂದು ತಾಪಮಾಪಕ ಇರಲಿ.

ಎಲ್ಲರೂ ಎಡವುವುದು ನಿಲ್ಲಿಸುವಾಗ. ಊರು ತಲುಪುವ ಕೆಲವು ನಿಮಿಷ ಮೊದಲೇ ಮತ್ತೆ ಡೀಸೆಲ್‌ಗೆ ತಿರುಗಿಸಿ, ಪಂಪು ಮತ್ತು ನಾಜಲ್‌ಗಳಲ್ಲಿರುವ ಎಣ್ಣೆಯೆಲ್ಲ ಉರಿದು ಖಾಲಿಯಾಗಬೇಕು. ಮರೆತು ಚಾವಿ ತಿರುಗಿಸಿದಿರೋ, ರಾತ್ರಿಯಿಡೀ ಎಣ್ಣೆ ಅಲ್ಲೇ ತಣ್ಣಗಾಗಿ ಬೆಳಗಿನ ಸ್ಟಾರ್ಟ್ ಎಣ್ಣೆಯಲ್ಲೇ ಆಗುತ್ತದೆ. ನಾಜಲ್‌ಗೆ ಇದಕ್ಕಿಂತ ಕೆಟ್ಟ ಬೆಳಗು ಇನ್ನೊಂದಿಲ್ಲ. ಇನ್ನೊಂದು ಸೂಕ್ಷ್ಮ: ಉರಿಯದೆ ಉಳಿದ ಇಂಧನವನ್ನು ವಾಪಸ್ ಒಯ್ಯುವ ರಿಟರ್ನ್ ಪೈಪು ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಿ. ಅದಕ್ಕೂ ವಾಲ್ವ್ ಇಲ್ಲದಿದ್ದರೆ ಎಣ್ಣೆ ಮೆಲ್ಲಗೆ ಡೀಸೆಲ್ ಟ್ಯಾಂಕ್ ಸೇರುತ್ತಾ ಹೋಗುತ್ತದೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡುತ್ತಿದ್ದೇನೆ ಅಂತ ನೀವು ಅಂದುಕೊಂಡಿರುತ್ತೀರಿ, ಅಷ್ಟೇ.

ಇದರಿಂದ ಒಂದು ಮಾತು ತಾನಾಗಿಯೇ ಹೊರಡುತ್ತದೆ. ದಿನಾ ಹತ್ತು ನಿಮಿಷದ ಓಡಾಟ ಇರುವವರಿಗೆ ಇದು ಅಲ್ಲ. ಇಂಜಿನ್ ಕಾಯುವುದರೊಳಗೆ ಮನೆ ಬಂದಿರುತ್ತದೆ. ಬಹಳ ಹೊತ್ತು ಸುಮ್ಮನೆ ಐಡಲ್‌ನಲ್ಲಿ ನಿಲ್ಲುವ ಗಾಡಿಗೂ ಅಲ್ಲ. ಒಂದೇ ಸಮ, ಒಳ್ಳೇ ಲೋಡಿನಲ್ಲಿ, ದೂರ ಓಡುವ ಗಾಡಿಗೆ ಮಾತ್ರ ಇದು ಸರಿ.

"ಸ್ವಲ್ಪ ಡೀಸೆಲ್ ಬೆರೆಸಿಬಿಟ್ಟರೆ ಆಗಲ್ವಾ?" ಅಂತ ಯಾವಾಗಲೂ ಕೇಳುತ್ತಾರೆ. ಅರ್ಧಕ್ಕರ್ಧ ಬೆರೆಸಿದರೂ ಮಿಶ್ರಣ ಡೀಸೆಲ್‌ಗಿಂತ ಸುಮಾರು ಮೂರು ಪಟ್ಟು ಮಂದವಾಗಿಯೇ ಇರುತ್ತದೆ. ತೊಂದರೆ ತಡವಾಗುತ್ತದೆ, ತಪ್ಪುವುದಿಲ್ಲ. ಕೆಲವರು ತೆಳುವಾಗಲಿ ಅಂತ ಪೆಟ್ರೋಲ್ ಸೇರಿಸುತ್ತಾರೆ. ದಯವಿಟ್ಟು ಬೇಡ. ಸಸ್ಯ ಎಣ್ಣೆಯ ಒಂದು ದೊಡ್ಡ ಗುಣ ಅದು ಸುಲಭಕ್ಕೆ ಹೊತ್ತಿಕೊಳ್ಳದಿರುವುದು. ಅದರ ಆವಿಗೆ ಕಿಡಿ ತಾಗಿ ಉರಿಯಬೇಕಾದರೆ 220 ಡಿಗ್ರಿಗೂ ಮೇಲೆ ಕಾಯಬೇಕು. ಡೀಸೆಲ್‌ಗೆ 55ರ ಆಸುಪಾಸು ಸಾಕು. ಪೆಟ್ರೋಲ್ ಬೆರೆಸಿದಿರಿ ಎಂದರೆ ಆ ಗುಣ ಹೋಯಿತು, ನಿಮ್ಮ ಟ್ಯಾಂಕು ಪೆಟ್ರೋಲ್ ಟ್ಯಾಂಕಿನಷ್ಟೇ ಅಪಾಯದ್ದು.

ಯಾವ ಎಣ್ಣೆ ಅನ್ನುವುದಕ್ಕೆ ಎರಡು ಅಳತೆ ಇವೆ, ಎರಡೂ ಒಂದನ್ನೊಂದು ಎಳೆದಾಡುತ್ತವೆ. ಮೊದಲನೆಯದು ಅಯೋಡಿನ್ ಅಂಕ. ಇದು ಹೆಚ್ಚಿದ್ದಷ್ಟೂ ಎಣ್ಣೆ ಬೇಗ ಒಣಗಿ ಅಂಟಾಗುತ್ತದೆ. ಕೊಬ್ಬರಿ ಎಣ್ಣೆಯದು 10ರ ಸುತ್ತ, ತಾಳೆ ಎಣ್ಣೆಯದು 50, ಕಡಲೆಕಾಯಿಯದು 90ರ ಆಸುಪಾಸು, ಸೋಯಾ ಮತ್ತು ಸೂರ್ಯಕಾಂತಿಯದು 130ರ ಹತ್ತಿರ. ಅಗಸೆ ಎಣ್ಣೆ 170 ದಾಟುತ್ತದೆ. ಅದನ್ನು ಚಿತ್ರಕಾರರು ಬಣ್ಣ ಒಣಗಲೆಂದೇ ಬಳಸುತ್ತಾರೆ, ಇಂಜಿನ್ ಹತ್ತಿರ ತರಬೇಡಿ. ಹಾಗಾದರೆ ಕೊಬ್ಬರಿ ಎಣ್ಣೆಯೇ ಒಳ್ಳೇದಲ್ವಾ? ಎರಡನೆಯ ಅಳತೆ ಇಲ್ಲಿ ಅಡ್ಡ ಬರುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಪೈಪಿನಲ್ಲಿ ಹೆಪ್ಪುಗಟ್ಟಿದ ಎಣ್ಣೆಯನ್ನು ಯಾವ ಪಂಪೂ ಎಳೆಯದು. ಯುರೋಪಿನಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ ಹೆಚ್ಚು ಬಳಕೆಯಾಗಲು ಕಾರಣ ಅದು ಎರಡರಲ್ಲೂ ನಡುವೆ ನಿಲ್ಲುವುದು. ಜರ್ಮನಿಯಲ್ಲಿ ಅದನ್ನು ಇಂಧನವಾಗಿ ಬಳಸಲೆಂದೇ ಡಿಐಎನ್ 51605 ಎಂಬ ಮಾನದಂಡ ಇದೆ. ನೀರು ಎಷ್ಟಿರಬಹುದು, ಕಸ ಎಷ್ಟಿರಬಹುದು, ಆಮ್ಲ ಎಷ್ಟಿರಬಹುದು ಎಲ್ಲಕ್ಕೂ ಅದರಲ್ಲಿ ಮಿತಿ ಹಾಕಿದ್ದಾರೆ.

ಕರಿದು ಉಳಿದ ಎಣ್ಣೆಯ ಮಾತೇ ಬೇರೆ. ಅದರಲ್ಲಿ ನೀರು, ಉಪ್ಪು, ಸೀದ ಚೂರು, ಬಿಡಿ ಕೊಬ್ಬಿನಾಮ್ಲ ಎಲ್ಲ ಇರುತ್ತವೆ. ಜನ ಚೂರುಗಳನ್ನು ಮಾತ್ರ ನೋಡುತ್ತಾರೆ, ಕಣ್ಣಿಗೆ ಕಾಣುತ್ತವೆ ಅಂತ. ಪಂಪು ಕೊಲ್ಲುವುದು ನೀರು. ತುಕ್ಕು ಹಿಡಿಸುತ್ತದೆ, ಆಮ್ಲಕ್ಕೆ ಜೊತೆ ಕೊಡುತ್ತದೆ. ನೀರಿದೆಯೋ ಇಲ್ಲವೋ ನೋಡಲು ಪ್ರಯೋಗಾಲಯ ಬೇಡ. ಒಂದು ಸಣ್ಣ ಬಾಣಲೆ ಚೆನ್ನಾಗಿ ಕಾಯಿಸಿ, ಎಣ್ಣೆ ಹೊಗೆಯಾಡುವಷ್ಟು ಬೇಡ, ಒಂದು ಚಮಚ ಎಣ್ಣೆ ಹಾಕಿ. ಕನ್ನಡಕ ಹಾಕಿಕೊಂಡು, ಸ್ವಲ್ಪ ದೂರ ನಿಂತು ನೋಡಿ. ಚಟಪಟ ಅಂದರೆ ನೀರು ಜಾಸ್ತಿ ಇದೆ. ತಳದಿಂದ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಸ್ವಲ್ಪ ಇದೆ, ಅದೂ ಬೇಡ. ಎಣ್ಣೆ ಸುಮ್ಮನೆ ತೆಳ್ಳಗೆ ಹರಡಿ ಹೊಳೆಯುತ್ತಾ ನಿಂತರೆ ಮುಂದುವರಿಯಬಹುದು. ಮಾದರಿಯನ್ನು ಡ್ರಮ್ಮಿನ ಮೇಲಿಂದ ತೆಗೆಯಬೇಡಿ, ತಳದಿಂದ ತೆಗೆಯಿರಿ. ನೀರು ಕೂರುವುದು ಅಲ್ಲಿ.

ನೀರು ತೆಗೆಯಲು ಒಳ್ಳೆ ಉಪಾಯ ತಾಳ್ಮೆ. ಎಣ್ಣೆಯನ್ನು ಬೆಚ್ಚಗೆ ಮಾಡಿ, ಎತ್ತರದ ಪಾತ್ರೆಯಲ್ಲಿ ಅಲುಗಿಸದೆ ವಾರಗಟ್ಟಲೆ ಬಿಡುವುದು. ಮಡ್ಡಿ, ನೀರು ಎರಡೂ ತಳ ಸೇರುತ್ತವೆ. ಮೇಲಿನದನ್ನು ಮಾತ್ರ ತೆಗೆದು ಮೊದಲು ಬಟ್ಟೆ, ಆಮೇಲೆ ಸಣ್ಣ ಮೈಕ್ರಾನ್‌ನ, ಅಂದರೆ ತೀರ ಸಣ್ಣ ರಂಧ್ರದ, ಫಿಲ್ಟರ್‌ನಲ್ಲಿ ಸೋಸಬೇಕು. ಕೊನೆಯದು 5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣದಿರಲಿ. ತಾಮ್ರದ ಪೈಪು, ತಾಮ್ರದ ಸುರುಳಿ ಬೇಡ, ತಾಮ್ರ ತಾಗಿದರೆ ಎಣ್ಣೆ ಬೇಗ ಕೆಡುತ್ತದೆ. ಎಣ್ಣೆ ಒರೆಸಿದ ಚಿಂದಿಗಳನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ. ಒಣಗುವ ಎಣ್ಣೆ ಗಾಳಿಯೊಂದಿಗೆ ಕೂಡಿ ಬಿಸಿಯಾಗುತ್ತದೆ, ಗುಡ್ಡೆಯೊಳಗೆ ಆ ಬಿಸಿ ಹೋಗಲು ದಾರಿ ಇರುವುದಿಲ್ಲ. ಯಾರೂ ಕಡ್ಡಿ ಗೀರದೆ ಬೆಂಕಿ ಹತ್ತುತ್ತದೆ.

ಇಷ್ಟೆಲ್ಲ ಗೋಜು ಯಾಕೆ, ಗಾಡಿಯನ್ನು ಬದಲಿಸುವ ಬದಲು ಎಣ್ಣೆಯನ್ನೇ ಬದಲಿಸೋಣ ಅನ್ನುವುದು ಬಯೋಡೀಸೆಲ್ ದಾರಿ. ಇದೂ ಹೊಸದಲ್ಲ. ಬೆಲ್ಜಿಯಂನ ಶಾವಾನ್ ಎಂಬುವರಿಗೆ 1937ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತು. ಮರುವರ್ಷ ಬ್ರಸೆಲ್ಸ್ ಮತ್ತು ಲೂವೆನ್ ನಡುವೆ ಒಂದು ಬಸ್ಸು ತಾಳೆ ಎಣ್ಣೆಯಿಂದ ಮಾಡಿದ ಇಂಥ ಇಂಧನದಲ್ಲಿ ಓಡಿತು. ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕ್ಷಾರ ಸೇರಿಸಿ ಬೆಚ್ಚಗಿಟ್ಟು ಕಲಕಿದರೆ ದೊಡ್ಡ ಅಣು ಒಡೆದು ಸಣ್ಣದಾಗುತ್ತದೆ, ಗ್ಲಿಸರಿನ್ ಬೇರೆಯಾಗಿ ತಳ ಸೇರುತ್ತದೆ. 100 ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್ ಬೇಕು. ಸಿಕ್ಕ ಇಂಧನದ ಮಂದತನ 4ರಿಂದ 5 ಸೆಂಟಿಸ್ಟೋಕ್, ಹೆಚ್ಚುಕಡಿಮೆ ಡೀಸೆಲ್‌ನದ್ದೇ. ಎರಡನೇ ಟ್ಯಾಂಕು ಬೇಡ.

ಆದರೆ ಇದನ್ನು ಮನೆಯಲ್ಲಿ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೆಥನಾಲ್ ವಿಷ. ಚರ್ಮದಿಂದಲೂ ಒಳಗೆ ಹೋಗುತ್ತದೆ, ಕಣ್ಣು ಕಳೆಯುತ್ತದೆ. ಅದರ ಉರಿ ಹಗಲು ಬೆಳಕಿನಲ್ಲಿ ಕಾಣುವುದೇ ಇಲ್ಲ. ಉಳಿದ ಗ್ಲಿಸರಿನ್‌ನಲ್ಲೂ ಮೆಥನಾಲ್ ಇರುತ್ತದೆ, ಅದನ್ನು ಚರಂಡಿಗೆ ಬಿಡುವಂತಿಲ್ಲ. ಸರಿಯಾಗಿ ಮಾಡಿದ್ದನ್ನು ಕೊಂಡು ತಂದರೆ ಒಳ್ಳೇದು. ಆಗಲೂ ಹಳೇ ಗಾಡಿಗೆ ಎರಡು ಎಚ್ಚರ. ಬಯೋಡೀಸೆಲ್ ಹಳೆಯ ರಬ್ಬರ್ ಹೋಸ್‌ಗಳನ್ನು ಊದಿಸಿ ಮೆತ್ತಗೆ ಮಾಡುತ್ತದೆ, ವೈಟಾನ್‌ನಂಥ ರಬ್ಬರಿಗೆ ಬದಲಿಸಬೇಕು. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನೂ ಅದು ಎಬ್ಬಿಸುತ್ತದೆ. ಶುರುವಿನಲ್ಲಿ ಫಿಲ್ಟರ್ ಕಟ್ಟಿ ಗಾಡಿ ನಡುದಾರಿಯಲ್ಲಿ ನಿಂತರೆ ಇಂಧನವನ್ನು ಬೈಯಬೇಡಿ. ಒಂದು ಫಿಲ್ಟರ್ ಜೊತೆಗಿಟ್ಟುಕೊಳ್ಳಿ.

ಕಾನೂನಿನ ಬಗ್ಗೆ ಚುಟುಕಾಗಿ. ರಸ್ತೆಯಲ್ಲಿ ಉರಿಸುವ ಇಂಧನಕ್ಕೆ ಹೆಚ್ಚಿನ ದೇಶಗಳಲ್ಲಿ ತೆರಿಗೆ ಇದೆ, ಎಣ್ಣೆಗೂ ಅದು ಅನ್ವಯಿಸಬಹುದು. ಬ್ರಿಟನ್ 2007ರಲ್ಲಿ ವರ್ಷಕ್ಕೆ 2,500 ಲೀಟರ್‌ವರೆಗೆ ಬಳಸುವವರಿಗೆ ವಿನಾಯಿತಿ ಕೊಟ್ಟಿತು. ಎಲ್ಲ ಕಡೆ ಹಾಗಿಲ್ಲ. ವಿಮೆಯವರಿಗೂ ಮಾರ್ಪಾಡಿನ ವಿಷಯ ಮೊದಲೇ ತಿಳಿಸಿ.

ಇನ್ನು ಪ್ರಶ್ನೆಗಳು.

ಒಬ್ಬರು ಮೈಲೇಜ್ ಕೇಳಿದರು. ತೂಕದ ಲೆಕ್ಕದಲ್ಲಿ ಎಣ್ಣೆಯ ಶಕ್ತಿ ಡೀಸೆಲ್‌ಗಿಂತ ಶೇ. 12ರಷ್ಟು ಕಡಿಮೆ. ಆದರೆ ಎಣ್ಣೆ ಭಾರ, ಒಂದು ಲೀಟರ್‌ನಲ್ಲಿ ಹೆಚ್ಚು ತುಂಬಿರುತ್ತದೆ. ಲೀಟರ್ ಲೆಕ್ಕಕ್ಕೆ ಬಂದರೆ ವ್ಯತ್ಯಾಸ ಶೇ. 5ರ ಸುತ್ತ. ಓಡಿಸುವವರಿಗೆ ಅದು ಗೊತ್ತಾಗುವುದು ಕಷ್ಟ. ಮೈಲೇಜ್ ಜಾಸ್ತಿಯಾಯಿತು ಅಂತ ಯಾರಾದರೂ ಹೇಳಿದರೆ ಅವರ ಬಲಗಾಲು ಹಗುರವಾಗಿದೆ ಅಂತ ಅರ್ಥ.

"ಪರಿಸರಕ್ಕೆ ಒಳ್ಳೇದು ಅಲ್ವಾ?" ಅಂತ ಒಬ್ಬ ಹುಡುಗಿ ಕೇಳಿದಳು. ಎಸೆಯುವ ಎಣ್ಣೆಯಾದರೆ ಹೌದು. ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಚೆಲ್ಲಿದರೆ ಮಣ್ಣಿನಲ್ಲಿ ಕೊಳೆಯುತ್ತದೆ. ಆದರೆ ಕಾಡು ಕಡಿದು ಎಣ್ಣೆ ಬೆಳೆದು ಗಾಡಿಗೆ ಸುರಿದರೆ ಆ ಲೆಕ್ಕ ಉಲ್ಟಾ ಹೊಡೆಯುತ್ತದೆ. ತಣ್ಣಗಿನ ಎಣ್ಣೆಯಲ್ಲಿ ಹೊಗೆ ಕಕ್ಕುವ ಇಂಜಿನ್ನಂತೂ ಯಾರಿಗೂ ಒಳ್ಳೇದು ಮಾಡುವುದಿಲ್ಲ. ಎಸೆಯುವ ಎಣ್ಣೆ ಎಲ್ಲ ಗಾಡಿಗೂ ಸಾಲುವಷ್ಟು ಇಲ್ಲ ಅನ್ನುವುದೂ ನಿಜ. ಈಗ ಅದನ್ನು ಕಾರ್ಖಾನೆಗಳಲ್ಲಿ ಹೈಡ್ರೋಜನ್ ಜೊತೆ ಸಂಸ್ಕರಿಸಿ ಡೀಸೆಲ್‌ಗೆ ಸರಿಸಾಟಿಯಾದ ಇಂಧನ ಮಾಡುತ್ತಾರೆ. ಅದಕ್ಕೆ ಎರಡನೇ ಟ್ಯಾಂಕೂ ಬೇಡ, ಬಿಸಿ ಮಾಡುವುದೂ ಬೇಡ. ಹೊಸ ಇಂಜಿನ್‌ಗೂ ಆಗುತ್ತದೆ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು, "ಹಳೇ ಗಾಡಿಯೊಂದು ಇದೆ, ಎಲ್ಲಿಂದ ಶುರು ಮಾಡಲಿ?" ಎಂದರು. ಎಣ್ಣೆಯಿಂದ ಶುರು ಮಾಡಬೇಡಿ ಸರ್. ಮೊದಲು ಕಂಪ್ರೆಷನ್ ನೋಡಿಸಿ. ಎಲ್ಲ ಸಿಲಿಂಡರ್ ಹೆಚ್ಚುಕಡಿಮೆ ಸಮ ಇರಬೇಕು. ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಹೀಟರ್ ಪ್ಲಗ್‌ಗಳು ಎಲ್ಲವೂ ಕಾಯುತ್ತಿವೆಯಾ ಪರೀಕ್ಷಿಸಿ. ನಾಜಲ್ ಬಿಚ್ಚಿಸಿ ಸಿಂಪಡಣೆ ನೋಡಿ, ಅವುಗಳ ಫೋಟೋ ತೆಗೆದಿಡಿ. ಮುಂದೆ ಹೋಲಿಸಲು ಬೇಕಾಗುತ್ತದೆ. ಕೂಲೆಂಟ್ ಥರ್ಮೋಸ್ಟಾಟ್ ಸರಿಯಿಲ್ಲದಿದ್ದರೆ ಇಂಜಿನ್ ಪೂರ್ತಿ ಕಾಯುವುದೇ ಇಲ್ಲ, ಅದನ್ನು ಬದಲಿಸಿ. ಹೋಸ್‌ಗಳನ್ನೂ ಬದಲಿಸಿ. ಹೊಸ ಆಯಿಲ್ ಹಾಕಿಸಿ, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಡೀಸೆಲ್‌ನಲ್ಲೇ ಹೊಗೆ ಬಿಡುವ, ಬೆಳಗ್ಗೆ ಸ್ಟಾರ್ಟಿಂಗ್ ಟ್ರಬಲ್ ಇರುವ ಗಾಡಿಗೆ ಎಣ್ಣೆ ಹಾಕಿದರೆ ರೋಗ ಬೇಗ ಮುಗಿಯುತ್ತದೆ, ಗಾಡಿಯೊಂದಿಗೆ. ಡೀಸೆಲ್‌ನಲ್ಲಿ ಒಂದು ಚಳಿಗಾಲ ಸರಾಗವಾಗಿ ಕಳೆದರೆ, ಎರಡನೇ ಟ್ಯಾಂಕು ಎಲ್ಲಿ ಕೂರಿಸುವುದು ಅಂತ ಅಳತೆ ತೆಗೆಯಬಹುದು.